ನಾಲ್ಕು ಮಾತಿನ ಪಟ್ಟಿ

ತಿಪ್ಪೇಶನಿಗೆ ಮೊದಲ ಹತ್ತು ಕಿಲೋಮೀಟರ್ ಓಡಲು ಬರುತ್ತಿತ್ತು. ಉಳಿದದ್ದನ್ನು ಅವನು ಅನುಭವಿಸುತ್ತಿದ್ದ, ಅಷ್ಟೇ.

ದುರ್ಗದ ಓಟಗಾರರಲ್ಲಿ ಇದು ಹಳೆಯ ನಗೆಮಾತು. ಮ್ಯಾರಥಾನ್ ಎಂದರೆ ನಲವತ್ತೆರಡು ಕಿಲೋಮೀಟರಿನ ಜಿಪುಣತನ. ಮೊದಲು ಕೈ ಬಿಗಿ ಹಿಡಿದವನಿಗೆ ಮಾತ್ರ ಕೊನೆಗೆ ಕಾಲು ಉಳಿಯುತ್ತದೆ. ತಿಪ್ಪೇಶನಿಗೆ ರಸ್ತೆಬದಿಯಲ್ಲಿ ನಾಲ್ಕು ಜನ ಚಪ್ಪಾಳೆ ತಟ್ಟಿದರೆ ಸಾಕು, ಲೆಕ್ಕ ಮರೆತುಹೋಗುತ್ತಿತ್ತು. ಗಡಿಯಾರ ಕಟ್ಟಿ ನೋಡಿದ. ಯಾವ ಮೈಲಿಗಲ್ಲಿಗೆ ಎಷ್ಟು ಹೊತ್ತು ಎಂದು ಮೊಣಕೈವರೆಗೆ ಪೆನ್ನಿನಲ್ಲಿ ಬರೆದುಕೊಂಡ, ಬೆವರಿಗೆ ಅಳಿಸಿಹೋಯಿತು. ವೇಗ ತೋರಿಸಲೆಂದೇ ಬಾವುಟ ಹಿಡಿದು ಓಡುವವನ ಬೆನ್ನಿಗೆ ಬಿದ್ದ. ಮೂರನೇ ಕಿಲೋಮೀಟರಿನಲ್ಲಿ ಅವನನ್ನೇ ಹಿಂದಿಕ್ಕಿ ಕೈಬೀಸಿ ಹೋದ. "ನೀವು ಓಡಲ್ಲ ಸಾರ್, ಉರೀತೀರಿ," ಎಂದು ಅವನು ವ್ಯಾಯಾಮ ಕಲಿಸುವ ಹೈಸ್ಕೂಲಿನ ಹುಡುಗಿಯರೇ ಆಡಿಕೊಳ್ಳುತ್ತಿದ್ದರು. ವಯಸ್ಸು ಮೂವತ್ತು ದಾಟಿತ್ತು. ರಾಜ್ಯ ತಂಡಕ್ಕೆ ಆರಿಸುವ ಓಟ ಈ ಸಲ ಹಿರಿಯೂರಿನಿಂದ ದುರ್ಗಕ್ಕೆ ಎಂದು ಗೊತ್ತಾದಾಗ, ಇದು ತಪ್ಪಿದರೆ ಇನ್ನಿಲ್ಲ ಎಂಬುದೂ ಅವನಿಗೆ ಗೊತ್ತಾಯಿತು.

ಅವನ ಹೆಂಡತಿ ವಾರಿಜಾ ಮೈಸೂರಿನಲ್ಲಿ ಶರೀರಶಾಸ್ತ್ರ ಓದಿ ಬಂದವಳು. ಐಮಂಗಲದ ಆಚೆ, ಊರವರು ಫ್ಯಾನು ಎಂದು ಕರೆಯುವ ಗಾಳಿಯಂತ್ರಗಳ ಗುಡ್ಡದ ಬುಡದಲ್ಲಿ ಒಂದು ಖಾಸಗಿ ಪ್ರಯೋಗಾಲಯವಿತ್ತು. ಅವಳಿಗೆ ಅಲ್ಲಿ ಕೆಲಸ. ಅಲ್ಲಿ ತಯಾರಾಗುತ್ತಿದ್ದ ವಸ್ತುವಿನ ಹೆಸರು 'ನಡೆ'.

ನಡೆಯುವಾಗ ಎಡಗಾಲು ಆಯಿತು, ಇನ್ನು ಬಲಗಾಲು ಎಂದು ಯಾರೂ ಯೋಚಿಸುವುದಿಲ್ಲ. ಆ ಸರದಿಯನ್ನು ಬೆನ್ನುಹುರಿಯೇ ನೋಡಿಕೊಳ್ಳುತ್ತದೆ. ತಲೆ ಮಾಡುವುದು ಬರೀ ಯಜಮಾನಿಕೆ: ಬೇಗ ಹೋಗು, ನಿಧಾನ, ಸುಸ್ತಾಯಿತು, ಕೂರು. ಆ ಯಜಮಾನನನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸಿ, ಬೆನ್ನುಹುರಿಗೆ ನೇರವಾಗಿ ಒಂದು ಲಯ ಕೊಟ್ಟರೆ? ಸೊಂಟದ ಹಿಂದೆ, ಚರ್ಮದಡಿ ಕೂರಿಸುವ ಬೆರಳುದ್ದದ ಪಟ್ಟಿ ಆ ಕೆಲಸ ಮಾಡುತ್ತಿತ್ತು. ಗುರಿಯ ವೇಗ ಹೇಳಿದರೆ ಕಾಲು ಅದನ್ನೇ ಹಿಡಿಯುತ್ತಿತ್ತು. ಏರು ಬಂದರೂ ಗಾಳಿ ಎದುರಾದರೂ ತಪ್ಪುತ್ತಿರಲಿಲ್ಲ. ವೇಗ ಕೊಂಚ ಇಳಿದರೆ ಪಟ್ಟಿ ಅಷ್ಟೇ ಹೆಚ್ಚು ತಳ್ಳುತ್ತಿತ್ತು.

ಕಿವಿಯ ಹಿಂದಿನ ಎಲುಬಿಗೆ ಅಕ್ಕಿಕಾಳಿನಷ್ಟು ಇನ್ನೊಂದು ತುಣುಕು. ಅದು ಓಟಗಾರನ ಮಾತನ್ನು ಪಟ್ಟಿಗೆ ಮುಟ್ಟಿಸುತ್ತಿತ್ತು. ಯಾವ ಮಾತು ಎಂಬುದು ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ತೀರ್ಮಾನವಾಯಿತು. ನಿರ್ದೇಶಕ ಡಾ. ಸೋಮಯಾಜಿ, ಎಂಜಿನಿಯರ್ ನಸ್ರೀನ್, ವಾರಿಜಾ, ಇನ್ನಿಬ್ಬರು. ಎಲ್ಲರೂ ಕನ್ನಡದವರೇ. ಚಿಕ್ಕ ಮಾತಿರಬೇಕು, ಉಸಿರು ಕಟ್ಟಿದಾಗಲೂ ಬಾಯಿಗೆ ಬರಬೇಕು. ಹೆಚ್ಚು. ಕಡಿಮೆ. ಇದೇ ವೇಗದಲ್ಲಿ ಮುಂದುವರಿ ಎನ್ನಲು, ಇರು. ಸಾಕೆನಿಸಿದರೆ, ನಿಲ್ಲು.

"ಲಕ್ಷಣವಾಗಿದೆ. ನಾಲ್ಕು ಪದ," ಎಂದರು ಸೋಮಯಾಜಿ.

ಮೊದಲ ಪರೀಕ್ಷೆಗೆ ತಿಪ್ಪೇಶ ತಾನಾಗಿ ಬಂದ. ವಾರಿಜಾ ಬೇಡವೆನ್ನಲಿಲ್ಲ. ಶಾಲೆಯ ಮೈದಾನದಲ್ಲಿ ಅವನು ಸುತ್ತು ಹಾಕುವಾಗ ಹುಡುಗಿಯರು ಸಾಲಾಗಿ ನಿಂತು "ನಿಲ್ಲಬ್ಯಾಡ್ರಿ ಸಾರ್, ನಿಲ್ಲಬ್ಯಾಡ್ರಿ!" ಎಂದು ಕೂಗಿದರು. ಮೈದಾನದ ನಡುವೆ ತಿಪ್ಪೇಶ ಕಂಬದ ಹಾಗೆ ನಿಂತು, ಮುಗ್ಗರಿಸಿ, ಮಣ್ಣು ಮುಕ್ಕಿದ.

"ಅಯ್ಯೋ, ನಿಮ್ಮ ಕನ್ನಡಕ್ಕಿಷ್ಟು!" ಎಂದು ನಸ್ರೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಲ್ಲ ಅಂತ ಮೊದಲು ಬರುತ್ತೆ, ಬೇಡ ಅಂತ ಆಮೇಲೆ ಬರುತ್ತೆ. ಯಂತ್ರ ಪೂರ್ತಿ ಕೇಳೋವರೆಗೂ ಕಾಯುತ್ತಾ?"

"ನಿಂದಲ್ವೇನೇ ಕನ್ನಡ?" ಎಂದಳು ವಾರಿಜಾ.

"ನಂದೇ. ಅದಕ್ಕೇ ಬೈತಿರೋದು."

ಪರಿಹಾರ ಸುಲಭವಾಗಿ ಸಿಕ್ಕಿತು. ಬೇರೆಯವರ ದನಿ ಪಟ್ಟಿಗೆ ಮುಟ್ಟದಂತೆ ಮಾಡಿದರು. ಆದರೂ ಹಾದಿಯುದ್ದಕ್ಕೂ ಜನ ಕೂಗುವವರೇ, ಓಡುವವನೂ ಮರುಮಾತಾಡುವವನೇ. ಆದ್ದರಿಂದ ಓಟಗಾರ ಒಮ್ಮೆ 'ಇರು' ಎಂದರೆ, ಅಲ್ಲಿಂದ ಐದು ಕಿಲೋಮೀಟರ್ ಮುಗಿಯುವವರೆಗೆ ಪಟ್ಟಿ ಬೇರೆ ಯಾವ ಮಾತಿಗೂ ಕಿವಿಗೊಡಬಾರದು. ಮತ್ತೆ 'ಇರು' ಎಂದರೆ ಅಲ್ಲಿಂದ ಮತ್ತೆ ಐದು. ಹೊರಗಿನಿಂದ ನಿಲ್ಲಿಸುವ ಗುಂಡಿಯನ್ನು ಓಟದ ಸಂಘದವರು ಒಪ್ಪಲಿಲ್ಲ. ಓಡುವವನನ್ನು ಬೇರೆಯವರು ನಡೆಸಿದರೆ ಅದು ಓಟವಲ್ಲ ಎಂಬುದು ಅವರ ನಿಯಮ. ಅದೂ ನ್ಯಾಯವೇ ಎಂದು ಎಲ್ಲರಿಗೂ ಅನ್ನಿಸಿತು.

ಮನೆಯಲ್ಲಿ ಮೊದಲು ಗಮನಿಸಿದವಳು ಅತ್ತೆ ಓಬಮ್ಮ.

"ಅಲ್ಲೇ ವಾರಿಜಾ, ಇವನು ಮುದ್ದೆ ನುಂಗೋದು ನೋಡಿದ್ಯಾ? ಒನಕೆ ಹಾಕಿದಂಗೆ ಕೈ ಬಾಯಿಗೆ ಹೋಗ್ತತೆ."

ವಾರಿಜಾ ನೋಡಿದಳು. ಕೈ ಏಳುವುದು, ಇಳಿಯುವುದು, ಒಂದೇ ಅಳತೆ. ತಟ್ಟೆಯ ಕೆಳಗೆ ಅವನ ಹಿಮ್ಮಡಿ ಅದೇ ಅಳತೆಯಲ್ಲಿ ನೆಲ ತಟ್ಟುತ್ತಿತ್ತು. ಅವನು ನಿಲ್ಲು ಅಂದಾಗಿತ್ತು, ಪಟ್ಟಿ ಆಗ ಸುಮ್ಮನಿತ್ತು.

"ಹೆಂಗಿದೆ?" ಎಂದು ಕೇಳಿದಳು.

"ಹಾಯಾಗೈತೆ ಕಣೆ," ಎಂದ ಅವನು. "ಮೊದಲೆಲ್ಲ ಓಡುವಾಗ ತಲೆ ತುಂಬ ಜನ ಇರ್ತಿದ್ರು. ಒಬ್ಬ ಓಡು ಅನ್ನೋನು, ಒಬ್ಬ ಸಾಕು ಅನ್ನೋನು. ಈಗ ಮನೆ ಖಾಲಿ."

ಒಂದು ಬೆಳಿಗ್ಗೆ ತಾಯಿ ಮಗ ಸೊಪ್ಪು ತರಲು ಹೋದರು. ಹೋಗುವಾಗ ಇಬ್ಬರು, ಬರುವಾಗ ಒಬ್ಬೊಬ್ಬರೇ. ತಿಪ್ಪೇಶ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದ, ಬೆವರುತ್ತಾ. ಬಹಳ ಹೊತ್ತಿನ ಮೇಲೆ ಓಬಮ್ಮ ಚೀಲ ಹಿಡಿದು ಏದುಸಿರು ಬಿಡುತ್ತಾ ಬಂದಳು.

"ಕಾಲು ಕೇಳಲ್ಲವ್ವ," ಎಂದ ಅವನು, ತಪ್ಪು ಮಾಡಿದವನಂತೆ.

"ಕೂಸಿದ್ದಾಗ ನನ್ನ ಸೆರಗು ಹಿಡ್ಕೊಂಡು ಬತ್ತಿದ್ದ," ಎಂದಳು ಓಬಮ್ಮ, ಸೊಸೆಗೆ. "ಈಗ ಯಾರ ಸೆರಗು ಹಿಡಿದವನೋ."

ವಾರಿಜಾ ಇದನ್ನೆಲ್ಲ ಸೋಮಯಾಜಿಯವರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬೆನ್ನುಹುರಿ ಕಲಿಯುತ್ತೆ ಅಂತ ನಾವು ಬರೆದದ್ದು ಸುಳ್ಳಲ್ಲ ಅಂತಾಯ್ತು. ಸಂತೋಷದ ವಿಷಯ ಅಲ್ವೇನಮ್ಮ?" ಓಟ ನೆಪ ಮಾತ್ರ ಎಂದು ಆಗ ಅವಳಿಗೆ ತಿಳಿಯಿತು. ದೊಡ್ಡ ದೊಡ್ಡ ಗೋದಾಮುಗಳವರು ಬಂದು ಹೋಗುತ್ತಿದ್ದರು. ಸಾಲು ಸಾಲು ಕಪಾಟುಗಳ ನಡುವೆ ಇಡೀ ದಿನ ನಡೆಯುವ ಕೆಲಸಗಾರರು ಮಧ್ಯಾಹ್ನದ ಮೇಲೆ ನಿಧಾನವಾಗುತ್ತಾರಂತೆ. ಅದಕ್ಕೊಂದು ದಾರಿ ಬೇಕಿತ್ತಂತೆ.

ಆ ಸಂಜೆ ಮಹಡಿಯಲ್ಲಿ ಬಟ್ಟೆ ಎತ್ತುತ್ತಾ ಅವಳು ಗಂಡನಿಗೆ ಹೇಳಿದಳು. "ಓಟ ಮುಗಿದ ಮಾರನೇ ದಿನ ತೆಗೆಸಿಬಿಡಬೇಕು. ಮಾತು ಕೊಡು."

"ಈ ಒಂದು ಓಟ, ವಾರಿ. ಜೀವಮಾನದಲ್ಲಿ ಒಂದು ಸಲ ಅಂದುಕೊಂಡ ಹೊತ್ತಿಗೆ ಅಂದುಕೊಂಡ ಕಡೆ ಮುಟ್ಟಬೇಕು."

"ಮುಟ್ಟು. ಆಮೇಲೆ ನಮ್ಮ ಹೊತ್ತಿಗೆ ಬಾ."

ಅವನು ನಕ್ಕ. ನಗುವಾಗಲೂ ಕಾಲು ನಿಂತಿರಲಿಲ್ಲ.

ಓಟದ ದಿನ ನಿಯಂತ್ರಣ ಕೊಠಡಿಯಲ್ಲಿ ಗೋದಾಮಿನ ಕಡೆಯ ಮೂವರು ಅತಿಥಿಗಳು ಕುಳಿತಿದ್ದರು. ಗೋಡೆಯ ಪರದೆಯ ಮೇಲೆ ಎರಡು ಗೆರೆ. ಒಂದು ಗುರಿಯ ವೇಗ, ಕಿಲೋಮೀಟರಿಗೆ ಮೂರೂವರೆ ನಿಮಿಷ. ಇನ್ನೊಂದು ತಿಪ್ಪೇಶನದು. ಹಿರಿಯೂರು ಬಿಟ್ಟಾಗಿನಿಂದ ಎರಡೂ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾಗಿ ಕಾಣುತ್ತಿದ್ದವು. ಉಳಿದ ಓಟಗಾರರು ಮುಂದೆ ಹೋದರು, ಹಿಂದೆ ಬಿದ್ದರು. ಅವನು ಗೆರೆಯ ಮೇಲಿದ್ದ.

"ಇದು ಮನುಷ್ಯನದಾ?" ಎಂದು ಅತಿಥಿಯೊಬ್ಬರು ಕೇಳಿದರು, ಮೆಚ್ಚಿಗೆಯಿಂದ.

ಐಮಂಗಲ ದಾಟಿದ ಮೇಲೆ ಬಿಸಿಲು ಏರಿತು. ಹಾದಿಯೂ ಏರಿತು. ವಾರಿಜಾಳ ಕಣ್ಣು ಆ ಎರಡು ಗೆರೆಗಳ ಮೇಲಿರಲಿಲ್ಲ, ಮೂಲೆಯ ಮೂರನೆಯದರ ಮೇಲಿತ್ತು. ಎದೆಬಡಿತ ಮೇಲೆ ಹೋಗುತ್ತಿತ್ತು, ಇಳಿಯುತ್ತಿರಲಿಲ್ಲ. ಮೈಬಿಸಿಯೂ ಹಾಗೆಯೇ. ಸ್ಪೀಕರಿನ ಪೆಟ್ಟಿಗೆಯಿಂದ ಅವನ ಉಸಿರು ಕೇಳಿಸುತ್ತಿತ್ತು. ಆಮೇಲೆ ದನಿ.

"ಇರು... ಇರು..."

"ಭಲೇ," ಎಂದಳು ನಸ್ರೀನ್. "ಏರಿನಲ್ಲೂ ಅದೇ ವೇಗ ಕೇಳ್ತಿದ್ದಾರೆ."

"ಇರು, ಇರು ಇರು..."

ವಾರಿಜಾ ಎದ್ದು ನಿಂತಳು. ಅಂಗಾಲಿನ ಮುಳ್ಳು ತೆಗೆಯುವಾಗ ಅವನು ಹೀಗೇ ಅನ್ನುತ್ತಿದ್ದ. ಓಬಮ್ಮ ಬೆನ್ನಿಗೆ ಬಿಸಿನೀರು ಹೊಯ್ದಾಗ ಹೀಗೇ ಅನ್ನುತ್ತಿದ್ದ.

"ಹೀಗೇ ಇರು ಅಂತಿಲ್ಲ ಅವನು," ಎಂದಳು. "ತಡಿ ಅಂತಿದ್ದಾನೆ. ನಿಲ್ಲಿಸು ಅಂತಿದ್ದಾನೆ."

"ನಿಲ್ಲಿಸೋಕೆ ಬೇರೆ ಪದ ಇದೆಯಲ್ಲ, ಮೇಡಂ," ಎಂದರು ಅತಿಥಿಗಳಲ್ಲೊಬ್ಬರು.

"ನೋವಾದಾಗ ಯಾರು ರೀ ನಿಲ್ಲು ಅಂತಾರೆ? ಸಾರ್—"

ಸೋಮಯಾಜಿ ಫೋನಿನಲ್ಲಿದ್ದರು. ತಿರುಗದೆ, ಅಂಗೈ ಅವಳತ್ತ ಚಾಚಿ, "ಇರಮ್ಮ, ಇರು," ಎಂದರು.

ಸೋಮಯಾಜಿಯವರ ಕೈ ಗಾಳಿಯಲ್ಲೇ ಉಳಿಯಿತು. ತಾವು ಏನು ಅಂದೆವೆಂದು ಅವರಿಗೆ ಆಗ ಕೇಳಿಸಿತು. ನಾಲ್ಕು ಪದ ಆರಿಸಿದ ಐವರೂ ದಿನಕ್ಕೆ ನೂರು ಸಲ ಆಡುವ ಮಾತು ಅದು. ಪರೀಕ್ಷೆಯಲ್ಲಿ ಮಾತ್ರ ಎಲ್ಲರೂ ಅದನ್ನು ಕಾಗದ ನೋಡಿ ಓದಿದ್ದರು.

"ಪ್ರತಿ ಸಲ ಅಂದಾಗಲೂ ಮತ್ತೆ ಐದು ಕಿಲೋಮೀಟರ್," ಎಂದಳು ನಸ್ರೀನ್.

"ಯಾರಾದರೂ ಹಿಡಿದುಕೊಳ್ಳಲಿ," ಎಂದರು ಅತಿಥಿ.

"ಹಿಡಿದರೆ ವೇಗ ಇಳಿಯುತ್ತೆ. ಇಳಿದರೆ ಪಟ್ಟಿ ತಳ್ಳುತ್ತೆ. ತೊಡೆಯ ಸ್ನಾಯು ಎಲುಬಿನಿಂದ ಕಿತ್ತುಬರುತ್ತೆ," ಎಂದಳು ವಾರಿಜಾ. ತನ್ನ ದನಿ ಪಾಠ ಹೇಳುವಂತಿರುವುದು ಅವಳಿಗೇ ವಿಚಿತ್ರವೆನಿಸಿತು. "ನಸ್ರೀನ್, ನಿನ್ನ ಸ್ಕೂಟರ್ ಕೀಲಿ."

"ನಾನು ಓಡಿಸ್ತೀನಿ. ನೀನು ಹಿಂದೆ ಕೂರು."

ಮುಕ್ತಾಯಕ್ಕೆ ಎಂಟು ಕಿಲೋಮೀಟರ್ ಇರುವಾಗ ಅವರು ಅವನನ್ನು ಸಮೀಪಿಸಿದರು. ದೂರದಿಂದ ನೋಡಿದರೆ ಅಂಥ ಓಟವನ್ನು ಯಾರೂ ನೋಡಿರಲಿಲ್ಲ. ರಸ್ತೆಬದಿಯ ಜನ ಕೇಕೆ ಹಾಕುತ್ತಿದ್ದರು. ಹತ್ತಿರ ಹೋದಾಗ ವಾರಿಜಾಗೆ ಕಂಡದ್ದು ಬೇರೆ. ಸೊಂಟದ ಕೆಳಗೆ ಎಲ್ಲವೂ ಸರಿಯಿತ್ತು. ಮೇಲೆ ಇದ್ದವನು ಜೋತುಬಿದ್ದಿದ್ದ. ಕತ್ತು ಒಂದು ಕಡೆಗೆ ವಾಲಿತ್ತು, ತುಟಿಯ ಕೊನೆಯಲ್ಲಿ ನೊರೆ ಒಣಗಿತ್ತು. ಕುದುರೆಯ ಮೇಲೆ ಕಟ್ಟಿಹಾಕಿದ ಗಾಯಾಳುವಿನಂತೆ ಅವನು ತನ್ನ ಕಾಲುಗಳ ಮೇಲೆ ಕುಳಿತು ಬರುತ್ತಿದ್ದ.

"ತಿಪ್ಪೇಶ!"

ಅವನ ಕಣ್ಣು ಹೊರಳಿತು. "ವಾರಿ, ಇರು..."

"ಆ ಮಾತು ಆಡಬೇಡ! ಅದನ್ನ ಅಂದಷ್ಟೂ ಅದು ಓಡಿಸುತ್ತೆ. ಬಾಯಿ ಮುಚ್ಚಿಕೋ. ಕೇಳಿಸ್ತಾ? ಐದು ಕಿಲೋಮೀಟರ್ ಒಂದು ಮಾತೂ ಬೇಡ. ಆಮೇಲೆ ನಾನು ಹೇಳ್ತೀನಿ, ಆಗ ನಿಲ್ಲು ಅನ್ನು."

ಅವನಿಗೆ ಅರ್ಥವಾಯಿತು. ತುಟಿ ಬಿಗಿದ.

ಆಮೇಲಿನದು ಮೂವರ ಮೌನ. ಸ್ಕೂಟರಿನ ಗುಯ್ ಎಂಬ ಸದ್ದು, ಅವನ ಬೂಟಿನ ಸದ್ದು. ವಾರಿಜಾಳ ಕೈಯಲ್ಲಿದ್ದ ಸಣ್ಣ ಪರದೆಯಲ್ಲಿ ಐದರಿಂದ ಕೆಳಗಿಳಿಯುವ ಅಂಕಿ. ನೋವು ಬಂದಾಗಲೆಲ್ಲ ಮಾತು ಗಂಟಲಿಗೆ ಏರುವುದು ಕಾಣುತ್ತಿತ್ತು, ಅವನು ನುಂಗುತ್ತಿದ್ದ. ಒಂದು ಸಲ ತುಟಿ ಕಚ್ಚಿ ರಕ್ತ ಬಂತು. ಅವಳು ಒದ್ದೆ ಬಟ್ಟೆ ಚಾಚಿದಳು, ಅವನು ತಲೆ ಅಲ್ಲಾಡಿಸಿದ. ಸ್ವಯಂಸೇವಕನೊಬ್ಬ ಮೋಟರ್‌ಬೈಕಿನಲ್ಲಿ ಬಂದು "ಮುಟ್ಟಂಗಿಲ್ಲ ಮೇಡಂ, ಮುಟ್ಟಿದ್ರೆ ಔಟ್!" ಎಂದು ಗದರಿ ಹೋದ.

"ಮುಟ್ಟಲ್ಲಪ್ಪ," ಎಂದಳು ನಸ್ರೀನ್, ಅಳುತ್ತಾ.

ಮೂರು. ಎರಡು. ಕೋಟೆಯ ಬಂಡೆಗಳು ಕಂಡವು. ಒಂದು. ಊರಿನ ಬಾಯಿಯಲ್ಲಿ ಜನ ಹಗ್ಗದ ಹಿಂದೆ ಕಿಕ್ಕಿರಿದಿದ್ದರು. ಅಂಕಿ ಸೊನ್ನೆಗೆ ಬಂದಿತು.

"ಈಗ! ಈಗ ಅನ್ನು!"

ತಿಪ್ಪೇಶ ಬಾಯಿ ತೆರೆದ. ಹಗ್ಗದ ಕೆಳಗಿನಿಂದ ಬಗ್ಗಿ ಒಬ್ಬಳು ಮುದುಕಿ ರಸ್ತೆಗೆ ಬಂದಳು. ಕೈಯಲ್ಲಿ ಲೋಟ, ನಿಂಬೆಹಣ್ಣಿನ ಪಾನಕ. ಮಗ ಸೊರಗಿದ್ದು ಅಷ್ಟು ದೂರದಿಂದಲೇ ಅವಳಿಗೆ ಕಂಡಿತ್ತು. ಅವನ ಹಾದಿಗೆ ಅಡ್ಡ, ಅವನ ಕಾಲಿಗೆ ಅಡ್ಡ, ಲೋಟ ಚಾಚಿ ಬಂದಳು. ಆ ಕಾಲು ಸರಿದು ಹೋಗುವಂಥದ್ದಲ್ಲ, ತುಳಿಯುವಂಥದ್ದು. ಅವನಿಗೆ ಅದು ಗೊತ್ತಿತ್ತು. ಕೈ ಅಡ್ಡ ಚಾಚಿ ಕೂಗಿದ.

"ಇರು, ಇರವ್ವಾ!"

ಆ ಕೈ ನೋಡಿ ಓಬಮ್ಮ ಅಲ್ಲೇ ನಿಂತಳು. ಅವನು ಅವಳ ಸೆರಗು ಸವರಿಕೊಂಡು ಹೋದ. ವಾರಿಜಾಳ ಕೈಯಲ್ಲಿ ಸೊನ್ನೆ ಹೋಗಿ ಐದು ಬಂದಿತ್ತು.

ಮುಕ್ತಾಯದ ಗೆರೆಯನ್ನು ಅವನು ಅಂದುಕೊಂಡ ಹೊತ್ತಿಗೆ ದಾಟಿದ. ಧ್ವನಿವರ್ಧಕದಲ್ಲಿ ಅವನ ಹೆಸರು ಮೂರು ಸಲ ಕೂಗಿದರು. ಹಾರ ಹಿಡಿದು ನಿಂತವರ ನಡುವೆ ತೂರಿ ಅವನು ಹೋಗುತ್ತಲೇ ಇದ್ದ. ಜನ ಮೊದಲು ನಕ್ಕರು, ಉತ್ಸಾಹ ನೋಡು ಎಂದರು. ಊರಿನ ಆಚೆ, ಹೆದ್ದಾರಿಯ ಸೇತುವೆ ಏರುವಲ್ಲಿ ಅವನು ಮಗ್ಗುಲಿಗೆ ಉರುಳಿದ. ವಾರಿಜಾ ಸ್ಕೂಟರಿನಿಂದ ಹಾರಿ ಎದೆಗೆ ಕಿವಿಯಿಟ್ಟಳು. ಅಲ್ಲಿ ಏನೂ ಇರಲಿಲ್ಲ. ಎದೆ ಒತ್ತಿದಳು, ಬಾಯಿಗೆ ಬಾಯಿ ಕೊಟ್ಟು ಊದಿದಳು. ಆಂಬುಲೆನ್ಸಿನವರು ಬಂದು ಒತ್ತಿದರು. ಅಷ್ಟು ಹೊತ್ತೂ ಅವನ ಕಾಲುಗಳು ಡಾಂಬರಿನ ಮೇಲೆ ಓಡುತ್ತಿದ್ದವು.

ಆಸ್ಪತ್ರೆಯಲ್ಲಿ ವೈದ್ಯರು ಎದೆ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಇಲ್ಲ ಎಂದರು. ಕಾಲಿನ ಕಡೆ ನೋಡಿ ಮತ್ತೆ ಎದೆ ನೋಡಿದರು. ವಾರಿಜಾ ಅವರಿಗೆ ಹೇಳಿದಳು. ಸ್ನಾಯು ಸಾಯುವುದಕ್ಕೆ ಇನ್ನೂ ಹೊತ್ತಿದೆ, ಪಟ್ಟಿ ತಳ್ಳುತ್ತಿದೆ. ಐದು ಕಿಲೋಮೀಟರ್ ಮುಗಿಯುವವರೆಗೆ ಬಿಡುವುದಿಲ್ಲ. ಮಂಚದ ಮೇಲೆ ಮಲಗಿದವನಿಗೆ ಐದು ಕಿಲೋಮೀಟರ್ ಎಂದೂ ಮುಗಿಯುವುದಿಲ್ಲ.

ಹೊರಗೆ ಸೋಮಯಾಜಿ ಅತಿಥಿಗಳ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಪದ ಬದಲಾಯಿಸ್ತೀವಿ ಸಾರ್. ಪದ ಒಂದೇ ತೊಂದರೆ. ಬೇರೆ ಎಲ್ಲಾ ನೀವೇ ನೋಡಿದಿರಲ್ಲ."

ಆಯಾ ಒಬ್ಬಳು ಹತ್ತಿಬಟ್ಟೆಯ ಪಟ್ಟಿ ಹಿಡಿದು ಬಂದಳು. ಸತ್ತವರ ಎರಡು ಕಾಲಿನ ಹೆಬ್ಬೆರಳು ಸೇರಿಸಿ ಕಟ್ಟಬೇಕು. ಅದು ಎಲ್ಲ ಕಡೆ ಇದ್ದದ್ದೇ. ಹೊದಿಕೆಯ ಕೆಳಗೆ ಕಾಲು ಆಡುವುದನ್ನು ನೋಡಿ ಅವಳು ಗೋಡೆಗೆ ಒರಗಿದಳು.

"ಕಟ್ಟಬ್ಯಾಡ್ರವ್ವ," ಎಂದಳು ಓಬಮ್ಮ ಮೂಲೆಯಿಂದ. "ಜೀವ ಐತೆ. ನೋಡ್ರಿ, ಕಾಲಾಗೆ ಐತೆ."

"ಇಲ್ಲ ಅತ್ತೆ."

ಓಬಮ್ಮ ಮಗನ ಮುಖ ನೋಡಿದಳು. ಕಾಲು ನೋಡಿದಳು. ಮತ್ತೆ ಮುಖ. ಆಮೇಲೆ ಕೇಳಿದಳು. "ಅಲ್ಲಿ ನನ್ನ ನೋಡಿ ಏನೋ ಕೂಗಿದ. ಜನದ ಗಲಾಟೆ, ಕಿವಿ ಬ್ಯಾರೆ ಮಂದ. ಏನಂದ್ನೇ?"

ನಸ್ರೀನ್ ಮುಖ ತಿರುಗಿಸಿದಳು. ವಾರಿಜಾ ಆಯಾಳ ಕೈಯಿಂದ ಬಟ್ಟೆ ತೆಗೆದುಕೊಂಡಳು. ಅದನ್ನು ಉದ್ದಕ್ಕೆ ಎಳೆದು ನೇರ ಮಾಡಿದಳು.

"ಬರ್ತೀನಿ ಅಂದ, ಅತ್ತೆ."

ಓಬಮ್ಮ ತಲೆದೂಗಿದಳು. ಮಂಚದ ಕಾಲುಗಡೆ ಬಂದು ಹೊದಿಕೆ ಸರಿಸಿ, ಎರಡು ಪಾದಗಳನ್ನೂ ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಅವು ಎಳೆದವು. ಅವಳು ಬಿಡಲಿಲ್ಲ.

"ಬೇಗ ಕಟ್ಟೇ," ಎಂದಳು. "ನನಗೆ ಶಕ್ತಿ ಸಾಲದು."

ವಾರಿಜಾ ಬಗ್ಗಿ ಗಂಟು ಹಾಕಿದಳು. ಗಂಟು ಎಳೆಯಿತು, ಸಡಿಲಿತು, ಎಳೆಯಿತು. ಅದರ ಮೇಲೆ ಇನ್ನೊಂದು ಹಾಕಿದಳು.